ಗೊಂಗ್ ಬೀಳುವವರೆಗೆ

ಗಂಜಿ ವಾರ್ಸಿನಿಯ ತುಟಿಯ ಬಲಗಡೆಯಿಂದ ಇಳಿದು ಗದ್ದಕ್ಕೆ ಬಂತು. ವಾಗಿರಾನ್ ಚಮಚದ ಅಂಚಿನಿಂದ ಅದನ್ನು ಬಳಿದು ಮತ್ತೆ ಬಾಯಿಗಿಟ್ಟ. 'ಬೇಗ ಬೇಗ ತುರುಕು ಕಾಂಗ್, ನಿನಗೆ ಬಾರಿಸೋಕೆ ಹೋಗ್ಬೇಕಲ್ಲ' ಎಂದಿತು ದನಿ. ವಾರ್ಸಿನಿ ಏನೂ ಅಂದಿರಲಿಲ್ಲ. ಬಾವಿಕಟ್ಟೆಯಲ್ಲಿ ಕುಸಿದುಬಿದ್ದಂದಿನಿಂದ ಅವಳ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋಗಿದ್ದವು. ಈಗ ಆ ಬಾಯಿಂದ ಬರುತ್ತಿದ್ದುದು ಉಸಿರು, ಒಮ್ಮೊಮ್ಮೆ ಕೆಮ್ಮು, ಅಷ್ಟೆ. ಆದರೂ ದನಿ ಅವಳದೇ. ಮದುವೆಯಾದಂದಿನಿಂದ ಅವಳು ಕರೆಯುತ್ತಿದ್ದ ಹಾಗೆಯೇ ಕಾಂಗ್ ಎಂದು ಕರೆಯುತ್ತಿತ್ತು, ಅವಳ ಹಾಗೆಯೇ ಮಾತಿನ ಕೊನೆಯನ್ನು ಸ್ವಲ್ಪ ಎಳೆಯುತ್ತಿತ್ತು. ಮನೆಯಲ್ಲಿ ಅವಳ ಮಾತು ನಿಂತ ಮೇಲೆ ಬಾಡಿಗೆ ಕೊಡದ ಒಕ್ಕಲಿನಂತೆ ಅವನ ತಲೆಯೊಳಗೆ ಬಂದು ಕೂತುಬಿಟ್ಟಿತ್ತು. ಅವನು ಅವಳ ಕಣ್ಣನ್ನೇ ನೋಡಿದ. ಅವೂ ಅವನನ್ನು ನೋಡುತ್ತಿದ್ದವು. ಅಲ್ಲಿದ್ದುದು ಸಿಟ್ಟೋ, ಬೇಸರವೋ, ಅಥವಾ ಇನ್ನೊಂದು ಚಮಚ ಗಂಜಿ ಬೇಕೆಂಬ ಆಸೆಯೋ ತಿಳಿಯಲಿಲ್ಲ. ಮೂವತ್ತು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಹೆಂಗಸಿನ ಕಣ್ಣು ಓದಲು ತನಗೆ ಬರುವುದಿಲ್ಲವೆಂಬುದು ಅವನಿಗೆ ಈಚೆಗೆ ಗೊತ್ತಾದ ಸಂಗತಿ. ಇಷ್ಟು ದಿನ ಅವಳೇ ಬಾಯಿಬಿಟ್ಟು ಹೇಳುತ್ತಿದ್ದುದರಿಂದ ಓದುವ ಗೋಜಿಗೇ ಹೋಗಿರಲಿಲ್ಲ.

ಹಿತ್ತಿಲ ಚಪ್ಪರದಲ್ಲಿ ಬೇಯಿಸಿದ ಸೋಯಾ ಕಾಳು ಆರಲು ಹರಡಿತ್ತು. ಅದಕ್ಕೆ ಹುದುಗಿನ ಪುಡಿ ಕಲಸಿ, ಬಾಳೆಲೆಯಲ್ಲಿ ಮಡಿಸಿ, ಬಿದಿರ ತಟ್ಟೆಗಳಲ್ಲಿ ಜೋಡಿಸಿಟ್ಟರೆ ಎರಡು ದಿನಕ್ಕೆ ಬಿಳಿ ಬೂಷ್ಟು ಹಬ್ಬಿ ಕಾಳುಗಳು ಒಂದನ್ನೊಂದು ಹಿಡಿದುಕೊಂಡು ತೆಂಪೆಯ ಹಲಗೆಗಳಾಗುತ್ತವೆ. ಮೊದಲು ಬೇಯಿಸುವುದು, ಮಡಿಸುವುದು ಅವನ ಕೆಲಸ, ಪುಡಿ ಕಲಸುವುದು ಮತ್ತು ಮಾರುವುದು ಅವಳದು. ಈಗ ಎಲ್ಲವೂ ಅವನದೇ. ನಿನ್ನೆ ಸಂತೆಯಲ್ಲಿ ಒಬ್ಬಾಕೆ ಪೊಟ್ಟಣ ಬಿಚ್ಚಿ ಮೂಸಿ, ನಗುತ್ತಲೇ, "ಇದ್ರಲ್ಲಿ ನಿಮ್ಮನೆಯವಳ ಕೈ ಇಲ್ಲ ಬಿಡಿ ಪಾಕ್" ಎಂದು ಮತ್ತೆ ಮಡಿಸಿ ಇಟ್ಟಿದ್ದಳು, ಕೊಳ್ಳದೆ. ಅವನೂ ನಕ್ಕಿದ್ದ. ಇಲ್ಲಿ ಎಲ್ಲವೂ ನಗುತ್ತಲೇ, ಹಿರಿಯ ಗಂಡಸರನ್ನು ಪಾಕ್ ಎಂದು ಮರ್ಯಾದೆಯಿಂದ ಕರೆಯುತ್ತಲೇ ನಡೆಯುತ್ತದೆ. ಕಾಳಿನ ಮೇಲೆ ಪುಡಿ ಉದುರಿಸುತ್ತ ಅವನು ಕೈಯಾಡಿಸಿದ. ಬೆರಳ ಸಂದಿಯಲ್ಲಿ ಕಾಳು ಬೆಚ್ಚಗೆ ಜಾರುತ್ತಿತ್ತು. ಅವಳು ಬಿದ್ದ ದಿನವೂ ಹೀಗೇ ಬೆಚ್ಚಗಿತ್ತು ಗಾಳಿ, ಪಾಕ್ ಹಾರ್ಜಿತೋ ಅವರ ಜಗಲಿಯಲ್ಲಿ. ವಾದ್ಯದವರ ಸಂಜೆಯ ಅಭ್ಯಾಸ, ನಿಧಾನದ ಒಂದು ಉದ್ದನೆಯ ರಾಗ. ಸಣ್ಣ ತೂಗುಗಂಟೆಗಳನ್ನು ಆಗಾಗ ಮುಟ್ಟುತ್ತ, ಜಾಗಟೆಯಂತೆ ತೂಗುವ ದೊಡ್ಡ ಗೊಂಗಿನ ಸರದಿ ಬರುವವರೆಗೆ ಕಾಯುವುದು ಅವನ ಪಾಲಿನ ಕೆಲಸ. ಗೊಂಗಿನ ಪೆಟ್ಟು ಬಿದ್ದರೇನೇ ಒಂದು ಸುತ್ತು ಮುಗಿದಂತೆ, ಅದು ಬೀಳುವ ತನಕ ಎಲ್ಲರ ಉಸಿರೂ ಅರ್ಧದಲ್ಲಿರುತ್ತದೆ. ಆಗ ಬಾಗಿಲಲ್ಲಿ ಪಕ್ಕದ ಮನೆಯ ತುಗಿಯೆಮ್ ಕಾಣಿಸಿಕೊಂಡಳು. ಎದೆಯ ಮೇಲೊಂದು ಕೈ, ಇನ್ನೊಂದು ಕೈಯಿಂದ ಕರೆಯುತ್ತಿದ್ದಳು. ಅವನಿಗೆ ಕಂಡಿತು. ಅವಳ ಮುಖ ಯಾವ ಬಗೆಯದೆಂಬುದೂ ಕಂಡಿತು. ಆದರೂ ಅವನು ಕಣ್ಣು ತಗ್ಗಿಸಿದ. ಇನ್ನು ಸ್ವಲ್ಪ ಹೊತ್ತಿಗೆ ಗೊಂಗಿನ ಸರದಿ. ಕಾದ, ಬಾರಿಸಿದ, ಬಡಿಗೆಯನ್ನು ಅದರ ಜಾಗದಲ್ಲಿಟ್ಟ, ಆಮೇಲೆ ಎದ್ದು, ವಾದ್ಯಗಳನ್ನು ಕಾಲೆತ್ತಿ ದಾಟುವುದು ಅಪಚಾರವಾದ್ದರಿಂದ ಗೋಡೆಯ ಬದಿಯಿಂದ ಬೆನ್ನು ಬಗ್ಗಿಸಿ ಸುತ್ತಿಕೊಂಡು ಬಂದ. ಒಂದು ಸಿಗರೇಟು ಸೇದುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ. ಆಸ್ಪತ್ರೆಯ ಡಾಕ್ಟರು ಮಾತ್ರ, "ಇನ್ನೂ ಬೇಗ ಕರ್ಕೊಂಡ್ ಬಂದಿದ್ರೆ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟರು. ಎಲ್ಲರಿಗೂ ಅವರು ಹಾಗೇ ಹೇಳುತ್ತಾರೋ ಏನೋ. ಉಳಿದರ್ಧವನ್ನು ದನಿ ಪೂರ್ತಿ ಮಾಡಿತು. 'ಬಾವಿಕಟ್ಟೆ ಮೇಲೆ ನಾನು ಮೀನಿನ ಹಾಗೆ ಬಾಯಿ ಬಿಡ್ತಿದ್ದೆ, ನೀನು ಗೊಂಗ್ ಕಾಯ್ತಿದ್ದೆ.' ತುಗಿಯೆಮ್ ಅವತ್ತು ಕಂಡದ್ದನ್ನು ವಾರ್ಸಿನಿಗೆ ಹೇಳಿದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೇಳಲು ಬಾಯಿ ಬರುತ್ತಿರಲಿಲ್ಲ. ವಾರ್ಸಿನಿಗೆ ಗೊತ್ತಿದ್ದರೂ ಹೇಳಲು ಅವಳಿಗೆ ಬಾಯಿಯೇ ಇರಲಿಲ್ಲ.

"ಪುಡಿ ಜಾಸ್ತಿಯಾಯ್ತೇನೋ" ಎಂದರು ಯಾರೋ. ತಲೆಯೆತ್ತಿದರೆ ಪಾಕ್ ಹಾರ್ಜಿತೋ. ಕಂಚಿನ ವಾದ್ಯಗಳ ಗಮೆಲಾನ್ ತಂಡಕ್ಕೆ ಅವರೇ ಯಜಮಾನರು, ಮದ್ದಳೆ ಅವರದು, ಮದ್ದಳೆಯ ಹೇಳಿಕೆಯಂತೆ ಉಳಿದವರೆಲ್ಲ ನಡೆಯಬೇಕು. ತೆಂಪೆ ಬೇಕೆಂದು ಬಂದಿದ್ದರು, ಅಥವಾ ತೆಂಪೆಯ ನೆಪದಲ್ಲಿ ಬಂದಿದ್ದರು. ಬಿದಿರ ಬೆಂಚಿನ ಮೇಲೆ ಕೂತು, ವಾರ್ಸಿನಿಯ ಆರೋಗ್ಯ ಕೇಳಿ, ಬಾವಿಯ ನೀರು ಇಳಿದಿದೆಯಾ ಎಂದು ಕೇಳಿ, ಗೊಬ್ಬರದಂಗಡಿಯ ರಸ್ಮಾದಿ ಮಗಳ ಹರಕೆಗೆ ಹಂದರ ಎಷ್ಟು ದೊಡ್ಡದು ಹಾಕಿಸಿದ್ದಾನೆಂದು ನಕ್ಕು, ಕೊನೆಗೆ ಮಂಡಿ ಸವರಿಕೊಳ್ಳುತ್ತ ವಿಷಯಕ್ಕೆ ಬಂದರು.

"ಇವತ್ತಿನದು ಮದುವೆ ಥರ ಅಲ್ಲ ನೋಡು. ಒಂಟಿ ಮಗು ಅಂದ್ರೆ ಕಾಲನ ತುತ್ತು. ಅವನ ಬಾಯಿಂದ ಬಿಡಿಸೋ ಬೊಂಬೆಯಾಟ."

"ಗೊತ್ತು ಪಾಕ್."

"ಮನೇಲಿ ಹೀಗಿರುವಾಗ ನಿನಗೂ ಕಷ್ಟ. ಸಾರಿಪ್ ಇದಾನೆ, ಗೊಂಗ್ ನೋಡ್ಕೊಳ್ತೀನಿ ಅಂತಾನೆ. ಹಾಗಂತ ನಾನು ಬರಬೇಡ ಅಂತಿಲ್ಲಪ್ಪ. ನಿನಗೆ ಹೇಗೆ ಅನುಕೂಲವೋ ಹಾಗೆ."

"ತುಗಿಯೆಮ್ ಇವಳನ್ನೂ ಕರ್ಕೊಂಡ್ ಬರ್ತಾಳೆ. ನಾನು ಬರ್ತೀನಿ ಪಾಕ್."

"ಬಾ ಬಾ. ನಿನ್ನಿಷ್ಟ" ಎಂದು ಹಾರ್ಜಿತೋ ತುಂಬ ಪ್ರೀತಿಯಿಂದ ನಕ್ಕರು. ತೆಂಪೆ ತೆಗೆದುಕೊಳ್ಳುವುದನ್ನು ಮರೆತು ಹೋದರು.

ಅವರು ಹೋದ ದಾರಿಯನ್ನು ನೋಡುತ್ತ ವಾಗಿರಾನ್ ಆ ಮಾತನ್ನು ಎತ್ತಿ ತಿರುಗಿಸಿ ನೋಡಿದ. ಮರುಕವೇ ಇರಬಹುದು. ಬರಬೇಡ ಎನ್ನುವುದನ್ನು ಈ ಊರಿನಲ್ಲಿ ಹೇಳುವ ರೀತಿಯೂ ಅದೇ ಇರಬಹುದು. ಹೋದ ತಿಂಗಳ ಮದುವೆಯಲ್ಲಿ ಅವನು ಗೊಂಗನ್ನು ಸುತ್ತಿನ ನಟ್ಟನಡುವೆ, ಸಣ್ಣ ಗಂಟೆಯ ಜಾಗದಲ್ಲಿ ಹೊಡೆದುಬಿಟ್ಟಿದ್ದ. 'ಏಳು, ಈಗ್ಲೇ ಏಳು' ಎಂದು ದನಿ ಒಂದೇ ಸಮ ಕಾಡುತ್ತಿತ್ತು, ಅದನ್ನು ಮುಚ್ಚಿಸಲು ಅವನು ಒಳಗೊಳಗೇ ಎಣಿಸತೊಡಗಿದ್ದ, ಎಣಿಕೆಯೂ ದನಿಯೂ ಕಲಸಿಹೋಗಿ ಕೈ ತಾನಾಗಿ ಬೀಸಿತ್ತು. ವಾದ್ಯದವರ ಭುಜಗಳು ಒಮ್ಮೆಲೇ ಬಿಗಿದವು. ಹಾಡುವಾಕೆ ಉಸಿರು ನುಂಗಿ ಎಲ್ಲಿಂದಲೋ ಹಿಡಿದುಕೊಂಡಳು. ಯಾರೂ ಹಿಂತಿರುಗಿ ನೋಡಲಿಲ್ಲ. ಆಮೇಲೆ ಊಟದ ಹೊತ್ತಿನಲ್ಲಿ ಒಬ್ಬರೂ ಆ ಮಾತೆತ್ತಲಿಲ್ಲ. ಬದಲಿಗೆ ಅವನ ಎಲೆಗೆ ಎರಡು ತುಂಡು ಕೋಳಿ ಹೆಚ್ಚಿಗೆ ಬಿತ್ತು. ಯಾರಾದರೂ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ದನಿಯನ್ನು ಓಡಿಸಲು ಅವನು ಏನೇನೋ ಮಾಡಿ ಸೋತಿದ್ದ. ಜಪಮಣಿ ಹಿಡಿದರೆ ಅದು ಮಣಿಯ ಲೆಕ್ಕಕ್ಕೆ ಸರಿಯಾಗಿ ಮಾತಾಡುತ್ತಿತ್ತು. ಸೈಕಲ್ ಜೋರಾಗಿ ತುಳಿದರೆ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿತ್ತು. ಒಂದು ದಿನ ಸಿಟ್ಟು ಬಂದು, ಒಲೆಯ ಮುಂದೆ ಕೂತವನು ಗಟ್ಟಿಯಾಗಿಯೇ, "ಎದ್ದು ಬಂದಿದ್ರೆ ಏನ್ ಮಾಡ್ತಿದ್ದೆ? ನಾನೇನು ಡಾಕ್ಟರಾ?" ಎಂದು ಜಗಳಕ್ಕೆ ನಿಂತಿದ್ದ. ತಿರುಗಿದರೆ ವಾರ್ಸಿನಿ ಮಂಚದಿಂದ ಕಣ್ಣರಳಿಸಿ ನೋಡುತ್ತಿದ್ದಳು. ನಾಲಿಗೆ ಕಚ್ಚಿಕೊಂಡು, ಬೆಕ್ಕನ್ನು ಬೈದೆ ಎನ್ನುವಂತೆ ಬಾಗಿಲ ಕಡೆ ಕೈಬೀಸಿದ. ಅವರ ಮನೆಯಲ್ಲಿ ಬೆಕ್ಕಿರಲಿಲ್ಲ.

ತುಗಿಯೆಮ್ ಹೊತ್ತಿಗೆ ಮೊದಲೇ ಬಂದಳು. ವಾರ್ಸಿನಿಗೆ ಹೂವಿನ ಕುಪ್ಪಸ ತೊಡಿಸಿ, ತಲೆ ಬಾಚಿ ಗಂಟು ಹಾಕಿ, ಗಾಲಿಕುರ್ಚಿಗೆ ಎತ್ತಿ ಕೂರಿಸುವಾಗ ಒಂದೇ ಸಮ ಮಾತಾಡುತ್ತಿದ್ದಳು. "ನೋಡೇ, ನಿನ್ನ ಗಂಡ ಬಾಟಿಕ್ ಅಂಗೀನ ಹೇಗೆ ಮುದುರಿಕೊಂಡು ಹಾಕಿದಾನೆ, ಇಸ್ತ್ರಿ ಪೆಟ್ಟಿಗೆ ಮನೇಲಿಲ್ವಾ? ಪಾಕ್, ಆ ಕಾಲು ಹಿಡೀರಿ. ಹಾಗಲ್ಲ, ತೆಂಪೆ ಮೂಟೆ ಅಲ್ಲ ಇದು!" ಕಾಲನ್ನು ಕುರ್ಚಿಯ ಕಾಲುಹಲಗೆಯ ಮೇಲಿಡುತ್ತ, ನೆರೆಯವಳ ಮುಖ ನೋಡದೆ ವಾಗಿರಾನ್, "ಬು ತುಗಿಯೆಮ್, ಅವತ್ತು ನೀವು ಕರೆಯೋಕೆ ಬಂದಾಗ..." ಎಂದ.

"ಅವತ್ತು? ಏನಾಯ್ತು?"

"ಏನಿಲ್ಲ. ಚಪ್ಪಲಿ ಹಾಕ್ಕೊಂಡಿರಲಿಲ್ಲ ನೀವು."

"ಅಯ್ಯೋ, ಚಪ್ಪಲಿ ಹುಡುಕೋ ಹೊತ್ತಾ ಅದು!" ಎಂದು ತುಗಿಯೆಮ್ ಕುರ್ಚಿಯನ್ನು ತಳ್ಳಿಕೊಂಡು ಹೊರಟಳು. ಆ ಮಾತಿನಲ್ಲಿ ಇರಿತವಿತ್ತೋ ಇಲ್ಲವೋ ಎಂದು ಅವನು ಗದ್ದೆಯ ಬದುವಿನುದ್ದಕ್ಕೂ ಯೋಚಿಸಿದ.

ರಸ್ಮಾದಿಯ ಅಂಗಳದಲ್ಲಿ ಹಂದರದ ಕೆಳಗೆ ಬಿಳಿ ಪರದೆ ಎದ್ದಿತ್ತು. ಬಿಳಿ ಬಟ್ಟೆ ಸುತ್ತಿಸಿಕೊಂಡ ಮಗು ತಾಯಿಯ ತೊಡೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿತ್ತು, ತನ್ನನ್ನು ಯಾರೋ ನುಂಗಲಿದ್ದಾರೆಂಬ ಚಿಂತೆ ಅದಕ್ಕಿದ್ದಂತಿರಲಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ, ಕಂಬದ ಪಕ್ಕ, ವಾರ್ಸಿನಿಯ ಕುರ್ಚಿ ನಿಲ್ಲಿಸಿದ್ದರು. ಅಂಗಳದ ಗೋಡೆಯ ಬದಿ, ವಾದ್ಯಗಳ ಹಿಂದೆ, ಗೊಂಗಿನ ಮುಂದಿನ ಚಾಪೆಯಲ್ಲಿ ಸಾರಿಪ್ ಆಗಲೇ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಅವನ ಸಿಗರೇಟು ಪ್ಯಾಕು ಅಲ್ಲೇ ಬಡಿಗೆಯ ಪಕ್ಕದಲ್ಲಿತ್ತು. ವಾಗಿರಾನನನ್ನು ಕಂಡು ಗಡಿಬಿಡಿಯಿಂದ ಎದ್ದ.

"ಬನ್ನಿ ಪಾಕ್, ಕೂತ್ಕೊಳಿ. ನಾನು ಸುಮ್ನೆ ಜಾಗ ಬೆಚ್ಚಗಿಟ್ಟಿದ್ದೆ."

"ಕೂತಿರು, ಪರವಾಗಿಲ್ಲ."

"ಛೆ ಛೆ, ನೀವಿರುವಾಗ!"

ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ಕೂರಲು ಬೇಡಿಕೊಂಡರು. ಮದ್ದಳೆಯ ಮುಂದಿದ್ದ ಹಾರ್ಜಿತೋ ಹಗ್ಗ ಬಿಗಿಮಾಡುವುದರಲ್ಲಿ ಮಗ್ನರಾಗಿದ್ದರು, ಬೇಕೆಂದೇ. ಕೊನೆಗೆ ವಾಗಿರಾನ್ ಕೂತ. ಸಾರಿಪ್ ಸಿಗರೇಟು ಪ್ಯಾಕನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಸರಿದ. ಹಾಗಾದರೆ ಅವನು ಮರಳುತ್ತಾನೆ. 'ಮರಳಲಿ ಬಿಡು. ಅವನಿಗೆ ಹೆಂಡತಿಯನ್ನು ಕೊಂದ ಚಿಂತೆಯಿಲ್ಲ' ಎಂದಿತು ದನಿ. ಕೊಂದ ಎಂಬ ಮಾತನ್ನು ಅದು ಆಡಿದ್ದು ಇದೇ ಮೊದಲು. ಅವಳು ಅಲ್ಲೇ, ಎದುರಿಗೇ, ಕಂಬದ ಪಕ್ಕ ಜೀವಂತ ಕೂತಿದ್ದಳು. ಅವಳ ದನಿಯಲ್ಲೇ ಇದು ಹೀಗೆಂದಿತ್ತು. ಅವನು ಬಡಿಗೆ ಎತ್ತಿಕೊಂಡ.

ದಲಾಂಗ್, ಬೊಂಬೆಯಾಡಿಸುವ ಕಿ ವಿಗ್ನ್ಯೋ, ಪೆಟ್ಟಿಗೆಯನ್ನು ತಟ್ಟಿದ. ಮದ್ದಳೆ ಎದ್ದಿತು, ಅದರ ಹಿಂದೆ ಕಂಚೆಲ್ಲ ಒಟ್ಟಿಗೆ. ವಾಗಿರಾನ್ ಎಣಿಸತೊಡಗಿ ನಿಲ್ಲಿಸಿದ. ಎಣಿಸಿದರೆ ಏನಾಗುತ್ತದೆಂದು ಗೊತ್ತಿತ್ತು. ದನಿಗೆ ಉತ್ತರ ಕೊಡಲೂ ಹೋಗಲಿಲ್ಲ, ಕೊಟ್ಟರೆ ಅದಕ್ಕೆ ಇನ್ನಷ್ಟು ಮಾತು ಸಿಗುತ್ತದೆ. ಬೇರೇನೂ ತೋಚದೆ ಮುಂದಿದ್ದವನ ಕೈ ನೋಡಿದ. ಮಡಕೆಯಂಥ ಕೆನೊಂಗ್ ಬಾರಿಸುವ ಮುದುಕ ಪ್ರತಿ ಪೆಟ್ಟಿಗೂ ಮುನ್ನ ಕತ್ತನ್ನು ಒಂದಿಷ್ಟು ಎಡಕ್ಕೆ ವಾಲಿಸುತ್ತಿದ್ದ. ಇಷ್ಟು ವರ್ಷ ಅವನ ಹಿಂದೆಯೇ ಕೂತು ಇದನ್ನು ಕಂಡಿರಲಿಲ್ಲ. ಹಾಡುವಾಕೆಯ ದನಿ ಏರಿ ನಿಂತು, ಇಳಿಯಲು ಜಾಗ ಹುಡುಕುತ್ತಿತ್ತು. ಮರದ ಪಟ್ಟಿಗಳ ವಾದ್ಯ ಅವಸರದಲ್ಲಿ ಅದರ ಕೆಳಗೆ ಓಡಾಡುತ್ತಿತ್ತು. ತಲೆಯೊಳಗಿನ ದನಿ ನಿಂತಿರಲಿಲ್ಲ, ಏನೋ ಹೇಳುತ್ತಲೇ ಇತ್ತು. ಆದರೆ ಸಂತೆಯಲ್ಲಿ ಪಕ್ಕದ ಅಂಗಡಿಯವಳ ಚೌಕಾಸಿ ಕಿವಿಗೆ ಬೀಳುವಂತೆ ಬೀಳುತ್ತಿತ್ತು, ಅಷ್ಟೆ. ಗೊಂಗಿನ ಹೊತ್ತು ಬಂದಾಗ ಬರುತ್ತಿದೆಯೆಂದು ಮೈಗೇ ತಿಳಿಯಿತು. ಹೊಡೆದ. ಆ ತಗ್ಗಿನ ಮೊಳಗು ಚಾಪೆಯಿಂದ ತೊಡೆಗೆ ಹತ್ತಿತು. ಹಾರ್ಜಿತೋ ಹಿಂತಿರುಗದೆ ತಲೆಯಾಡಿಸಿದರು. ಇನ್ನೊಂದು ಸುತ್ತು, ಮತ್ತೊಂದು. ಪರದೆಯ ಮೇಲೆ ಕೋರೆಹಲ್ಲಿನ ಕಾಲ ಮಗುವನ್ನು ಹುಡುಕಿಕೊಂಡು ಹೊರಟ. ಅಡಿಗೆಮನೆಯಲ್ಲಿ ಅಡಗಿದೆಯಾ, ಒಲೆಯ ಹಿಂದಿದೆಯಾ ಎಂದು ವಿದೂಷಕ ಅವನನ್ನು ಅಲೆಸುತ್ತಿದ್ದ. ಜನ ನಗುತ್ತಿದ್ದರು. ವಾಗಿರಾನನಿಗೆ ಹಸಿವಾಗಿರುವುದು ಗೊತ್ತಾಯಿತು, ಬಹಳ ದಿನದ ಮೇಲೆ.

ಆಗ ಕಂಬದ ಕಡೆ ಕಣ್ಣು ಹಾಯಿತು. ವಾರ್ಸಿನಿಯ ತಲೆ ಬಲಕ್ಕೆ ವಾಲಿ ಭುಜದ ಮೇಲೆ ಬಿದ್ದಿತ್ತು. ಬಾಯಿ ತೆರೆದಿತ್ತು. ತುಗಿಯೆಮ್ ಪಕ್ಕದಲ್ಲಿರಲಿಲ್ಲ. ಬಾವಿಕಟ್ಟೆಯ ಮೇಲೆ ಅವಳು ಬಿದ್ದಿದ್ದುದೂ ಹೀಗೆಯೇ, ಇದೇ ಬಾಯಿ. 'ಕಾಯಿ ಕಾಂಗ್, ಗೊಂಗ್ ಬೀಳೋವರೆಗೂ ಕಾಯಿ' ಎಂದಿತು ದನಿ, ಈಗ ಕಿವಿಯ ಒಳಗೇ. ಕೆನೊಂಗಿನ ಮುದುಕ ಕತ್ತು ವಾಲಿಸಿದ್ದ. ಅದರ ಬೆನ್ನಿಗೇ ಗೊಂಗ್. ವಾಗಿರಾನ್ ಬಡಿಗೆಯನ್ನು ಕೆಳಗೆ ಹಾಕಿ ಎದ್ದ. ಗೋಡೆಯ ಬದಿಯಿಂದ ಸುತ್ತಿಕೊಳ್ಳಲಿಲ್ಲ. ನಡುವೆಯೇ ನುಗ್ಗಿ, ಕೆನೊಂಗನ್ನು ದಾಟಿ, ಹಾರ್ಜಿತೋ ಅವರ ಮದ್ದಳೆಯ ತುದಿಯನ್ನು ದಾಟಿ, ಯಾರೂ ಎಂದೂ ದಾಟದ ವಾದ್ಯಗಳನ್ನೆಲ್ಲ ದಾಟಿ ಓಡಿದ. ಹಿಂದೆ ಯಾರೋ "ಅಯ್ಯೋ" ಎಂದರು. ಗೊಂಗ್ ಬೀಳಲಿಲ್ಲ.

ಆ ಬೀಳದ ಗೊಂಗಿನ ಜಾಗ ಹಂದರದಲ್ಲೆಲ್ಲ ಬಾಯ್ದೆರೆದು ನಿಂತಿತು. ಹಾಡುವಾಕೆಯ ಸ್ವರ ಇಳಿಯಲಾರದೆ ನೇತುಬಿತ್ತು. ಅಡಿಗೆಯವರು ಸೌಟು ಹಿಡಿದು ಇಣುಕಿದರು. ವಾಗಿರಾನ್ ಕಂಬದ ಹತ್ತಿರ ಮಂಡಿಯೂರಿ ಅವಳ ಗದ್ದ ಹಿಡಿದೆತ್ತುವುದಕ್ಕೂ ವಾರ್ಸಿನಿ ಬೆಚ್ಚಿ ಕಣ್ಣು ತೆರೆಯುವುದಕ್ಕೂ ಸರಿಹೋಯಿತು. ಅವನ ಕೈ ತಾಗಿ ಎಚ್ಚರವಾದದ್ದಲ್ಲ. ಗೊಂಗ್ ಬೀಳದ್ದಕ್ಕೆ ಎಚ್ಚರವಾಗಿತ್ತು. ಮೂವತ್ತು ವರ್ಷ ಇಂಥ ಎಷ್ಟೋ ಆಟಗಳಲ್ಲಿ ಹೆಂಗಸರ ಸಾಲಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವಳು ಅವಳು. ಸುತ್ತಲೂ ನೋಡಿದಳು, ಗೊಂಗಿನ ಮುಂದಿನ ಖಾಲಿ ಚಾಪೆ ನೋಡಿದಳು, ಆಮೇಲೆ ಅವನನ್ನು. ಹಣೆ ಗಂಟಿಕ್ಕಿತು. ಬಾಯಿ ಒಂದು ಬದಿಗೆ ಎಳೆದುಕೊಂಡಿತು, ಕುತ್ತಿಗೆಯ ನರ ಉಬ್ಬಿತು. ಏನೋ ಬರಲಿತ್ತು, ಬರುತ್ತಿರಲಿಲ್ಲ. ಅವನು ಉಸಿರು ಹಿಡಿದು ಕಾದ.

"ಗೊಂ" ಎಂದಳು. ಜೊಲ್ಲು ಇಳಿಯಿತು. ಮತ್ತೆ, ಸಿಟ್ಟಿನಿಂದ, "ಗೊಂಗ್!"

ಎಡಗೈಯನ್ನು ಅವನ ಎದೆಗಿಟ್ಟು ನೂಕಿದಳು. ಅದರಲ್ಲಿ ಇಷ್ಟು ಬಲವಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ಹಿಂದಕ್ಕೆ ಬಿದ್ದು ಕೈಯೂರಿಕೊಂಡ. ಲೋಟ ಹಿಡಿದು ಓಡಿಬಂದ ತುಗಿಯೆಮ್, "ಮಾತಾಡಿದ್ಲು! ಏ, ಮಾತಾಡಿದ್ಲು! ಮೊದಲನೇ ಮಾತೇ ಬೈಗುಳ ನೋಡಿ ಪಾಕ್" ಎಂದು ಅರ್ಧ ಅಳುತ್ತ ಕೂಗಿದಳು. ಪರದೆಯ ಹಿಂದಿನಿಂದ ದಲಾಂಗ್ ವಿದೂಷಕನ ಗೊಗ್ಗರು ದನಿಯಲ್ಲಿ, "ಸ್ವಾಮಿ ಕಾಲ, ನಿನ್ನ ಮುಖ ನೋಡಿ ಗೊಂಗೇ ಎದ್ದು ಓಡಿಹೋಯ್ತು. ಹೆಂಡತಿ ಬೈದು ವಾಪಸ್ ಅಟ್ಟುತ್ತಿದ್ದಾಳೆ, ಸ್ವಲ್ಪ ತಡ್ಕೋ!" ಎಂದ. ಹಂದರವೆಲ್ಲ ಗೊಳ್ಳೆಂದಿತು. ಮಗುವಿನ ತಾಯಿ ಕೂಡ, ಕಣ್ಣೊರೆಸಿಕೊಂಡು, ನಕ್ಕಳು.

ವಾಗಿರಾನ್ ಈ ಸಲ ಗೋಡೆಯ ಬದಿಯಿಂದ ಬೆನ್ನು ಬಗ್ಗಿಸಿ ಹೋದ. ಕೆನೊಂಗನ್ನೂ ಮದ್ದಳೆಯನ್ನೂ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡ. ಹಾರ್ಜಿತೋ ಅವನ ಕಡೆ ನೋಡದೆಯೇ, "ಕೂತ್ಕೊ" ಎಂದರು. ಅನುಕೂಲದ ಮಾತಿಲ್ಲ, ನಗುವೂ ಇಲ್ಲ. ಆ ಗದರಿಕೆ ಅವನಿಗೆ ಹಿತವಾಯಿತು. ಸಾರಿಪ್ ಗೊಂಗಿನ ಮುಂದೆ ಬಂದು ಕೂತಿದ್ದ, ಮಾತಿಲ್ಲದೆ ಸರಿದುಕೊಂಡ. ಮದ್ದಳೆ ಮತ್ತೆ ಎದ್ದಿತು. ವಾಗಿರಾನ್ ಅವಳ ಆ ಎರಡು ಸಲದ ಸ್ವರವನ್ನು ನೆನೆಯುತ್ತಿದ್ದ. ಒರಟು, ಕೀರಲು, ತುಕ್ಕುಹಿಡಿದ ಬಾಗಿಲಿನ ಹಾಗಿತ್ತು. ತಲೆಯೊಳಗಿನ ದನಿ ಅದಾಗಿರಲಿಲ್ಲ. ಅದು ನುಣುಪಾಗಿತ್ತು, ತಡವರಿಸುತ್ತಿರಲಿಲ್ಲ, ಅವನಿಗೆ ಎಲ್ಲಿ ನೋಯುತ್ತದೆಂದು ಚೆನ್ನಾಗಿ ಬಲ್ಲದ್ದಾಗಿತ್ತು. ವಾರ್ಸಿನಿ ಬೈದದ್ದುಂಟು, ಮೂವತ್ತು ವರ್ಷ ಬೈದಿದ್ದಾಳೆ, ಆದರೆ ಹಾಗೆ ಒಂದು ದಿನವೂ ಬೈದಿರಲಿಲ್ಲ. ಅವತ್ತಿನದು ಅವಳಿಗೆ ಗೊತ್ತಿದೆಯೋ ಇಲ್ಲವೋ, ಅದು ಈಗಲೂ ತಿಳಿಯದು. ಗೊತ್ತಿದ್ದರೆ, ಮಾತು ಮರಳಿದ ದಿನ ಅವಳೇ ಹೇಳಲಿ, ಅವಳ ಬಾಯಿಂದಲೇ ಕೇಳುತ್ತೇನೆ ಎಂದುಕೊಂಡ. ಅವಳ ಪರವಾಗಿ ಮಾತಾಡಲು ಈ ದನಿಗೆ ಯಾರು ಹೇಳಿದ್ದರು?

ಸುತ್ತು ಕೊನೆಗೆ ಬರುತ್ತಿತ್ತು. ಕಂಬದ ಕಡೆ ನೋಡಿದ. ವಾರ್ಸಿನಿಯ ತಲೆ ಮತ್ತೆ ಬಲಕ್ಕೆ ವಾಲುತ್ತಿತ್ತು, ಮೊದಲಿನ ಹಾಗೆಯೇ, ನಿಧಾನವಾಗಿ ಭುಜದ ಮೇಲೆ ಬಿತ್ತು, ಬಾಯಿ ತೆರೆಯಿತು. 'ಏಳು' ಎಂದಿತು ದನಿ. 'ಈ ಸಲ ನಿಜ. ಏಳು.' ತೊಡೆಯ ಸ್ನಾಯು ಏಳಲು ಬಿಗಿದಿತ್ತು. ಅದು ವಾರ್ಸಿನಿಯದಲ್ಲ, ತನ್ನದೇ ದನಿಯೆಂದು ಅವನಿಗೀಗ ಗೊತ್ತಿತ್ತು. ಮಾತಾಡಲಿ ಎಂದು ಬಿಟ್ಟು, ಹಾಡುವಾಕೆಯ ಸ್ವರ ಇಳಿಯುವುದನ್ನು ಕೇಳಿದ. ಮುದುಕ ಕತ್ತು ವಾಲಿಸಿದ, ಕೆನೊಂಗ್ ಬಿತ್ತು. ಎಲ್ಲರ ಉಸಿರೂ ನಿಂತಿತು. ವಾಗಿರಾನ್ ಇನ್ನೂ ಒಂದು ಚೂರು ತಡೆದು, ತಡೆಯಬೇಕಾದಷ್ಟೇ ತಡೆದು, ಗೊಂಗ್ ಹೊಡೆದ. ಕಂಬದ ಪಕ್ಕ ವಾರ್ಸಿನಿ ನಿದ್ದೆಯಲ್ಲೇ ತುಟಿ ಚಪ್ಪರಿಸಿದಳು, ಅವಳಿಗೆ ಎಚ್ಚರವಾಗಲಿಲ್ಲ.